ಯುವಜನರ ನೆಪದಲ್ಲಿ ಮಂಕಾಗುತ್ತಿರುವ ಅಕ್ಷರ

ಪರಿಸರ ಚಳವಳಿಯ ಭಿತ್ತಿಪತ್ರಗಳು ಹಳೆಯ ಕಾಲದವು, ಇಂದಿನ ಯುವಜನರು ಅವುಗಳತ್ತ ಕಣ್ಣೆತ್ತಿಯೂ ನೋಡುವುದಿಲ್ಲ, ಆದ್ದರಿಂದ ವಿನ್ಯಾಸದ ಹೊಸ ಒಲವುಗಳನ್ನು ಅನುಸರಿಸಲೇಬೇಕು ಎಂಬ ವಾದ ಈಗ ಮಲೆನಾಡಿನ ಸಭೆಗಳಲ್ಲಿಯೂ ಕೇಳಿಬರುತ್ತಿದೆ. ಈ ವಾದದಲ್ಲಿ ಅರ್ಧ ಸತ್ಯವಿದೆ. ನಾಲ್ಕು ಪುಟದ ಮನವಿಯನ್ನು ಇರುವೆ ಗಾತ್ರದ ಅಕ್ಷರದಲ್ಲಿ ಒಂದೇ ಹಾಳೆಗೆ ತುಂಬಿ, ಮೂಲೆಯಲ್ಲೊಂದು ಮರದ ಚಿತ್ರವನ್ನು ಅಂಟಿಸಿ, ಇದನ್ನು ಜನ ಓದಲೇಬೇಕು ಎಂದು ಹಟ ಹಿಡಿದ ಸಂಘಟನೆಗಳು ಕಡಿಮೆಯೇನಲ್ಲ. ಆದರೆ ಉಳಿದ ಅರ್ಧವು ಅಪಾಯಕಾರಿಯಾದುದು. ಯುವಕರಿಗೆ ವಿಷಯ ಬೇಡ, ಬಣ್ಣ ಸಾಕು ಎಂಬ ತಾತ್ಸಾರ ಅದರಲ್ಲಿ ಅಡಗಿದೆ. ಈ ತೀರ್ಮಾನಕ್ಕೆ ಬಂದವರು ವಿದ್ಯಾರ್ಥಿಗಳಲ್ಲ. ವಿದ್ಯಾರ್ಥಿಗಳನ್ನು ಕೇಳದೆಯೇ ಅವರ ಪರವಾಗಿ ಮಾತನಾಡುವ ಹಿರಿಯರು.

ವಿನ್ಯಾಸದ ಒಲವು ಎಂಬುದು ಎಲ್ಲಿ ಹುಟ್ಟುತ್ತದೆ? ಹೊಳಪು ಮತ್ತು ನೆರಳುಗಳಿಂದ ಉಬ್ಬಿದ ಚಿಹ್ನೆಗಳು ಒಂದು ಕಾಲಕ್ಕೆ ಆಧುನಿಕವೆನಿಸಿದ್ದವು. 2013ರಲ್ಲಿ ಆ್ಯಪಲ್ ಕಂಪನಿ ತನ್ನ ಫೋನಿನ ಪರದೆಯಿಂದ ಅವನ್ನೆಲ್ಲ ತೆಗೆದು ಚಪ್ಪಟೆ ಚಿಹ್ನೆಗಳನ್ನು ತಂದಿತು, ಜಗತ್ತು ಚಪ್ಪಟೆಯಾಯಿತು. 2016ರಲ್ಲಿ ಇನ್‌ಸ್ಟಾಗ್ರಾಂ ತನ್ನ ಚಿಹ್ನೆಗೆ ನೇರಳೆಯಿಂದ ಹಳದಿಗೆ ಹರಿಯುವ ಬಣ್ಣ ಬಳಿಯಿತು. ಎಲ್ಲರ ಹಿನ್ನೆಲೆಯೂ ನೇರಳೆಯಿಂದ ಹಳದಿಗೆ ಹರಿಯತೊಡಗಿತು. ಕೋಟ್ಯಂತರ ಹಣವುಳ್ಳ ಕಂಪನಿಗಳೇ ಈ ಓಟದಲ್ಲಿ ಮುಗ್ಗರಿಸಿವೆ. ಅಮೆರಿಕದಲ್ಲಿ ಟ್ರಾಪಿಕಾನ ಹಣ್ಣಿನ ರಸದ ಪೊಟ್ಟಣವನ್ನು 2009ರ ಜನವರಿಯಲ್ಲಿ ಹೊಸ ಮಾದರಿಗೆ ಬದಲಾಯಿಸಿದಾಗ ಕೊಳ್ಳುವವರಿಗೆ ಅದರ ಗುರುತೇ ಸಿಗಲಿಲ್ಲ. ಎರಡು ತಿಂಗಳೊಳಗೆ ಮಾರಾಟ ಸುಮಾರು ಶೇ. 20ರಷ್ಟು ಕುಸಿದು, ಹಳೆಯ ಪೊಟ್ಟಣವನ್ನೇ ಮರಳಿ ತರಬೇಕಾಯಿತು. ಸದಸ್ಯರ ವಂತಿಗೆಯಿಂದ ಹಾಳೆ ಕೊಳ್ಳುವ ಗ್ರಾಮ ಸಮಿತಿಯೊಂದು ಇಂಥ ಓಟದಲ್ಲಿ ಯಾರನ್ನು ಹಿಂದಿಕ್ಕಲು ಹೊರಟಿದೆ?

ಯುವಜನರು ನಿಜವಾಗಿ ಯಾವುದಕ್ಕೆ ಓಗೊಟ್ಟಿದ್ದಾರೆ ಎಂಬುದನ್ನು ನೋಡಬೇಕು. 2018ರ ಆಗಸ್ಟ್‌ನಲ್ಲಿ ಸ್ವೀಡನ್ನಿನ ಸಂಸತ್ತಿನ ಎದುರು ಹದಿನೈದು ವರ್ಷದ ಗ್ರೇಟಾ ಥನ್‌ಬರ್ಗ್ ಇಟ್ಟುಕೊಂಡು ಕುಳಿತ ಫಲಕದಲ್ಲಿ ಇದ್ದದ್ದು ಬಿಳಿಯ ಮೇಲೆ ಕಪ್ಪು ಬಣ್ಣದಲ್ಲಿ ಕೈಯಿಂದ ಬರೆದ ಮೂರು ಪದಗಳು ಮಾತ್ರ. ಮರುವರ್ಷ ನೂರಾರು ನಗರಗಳಲ್ಲಿ ಶಾಲೆ ಬಿಟ್ಟು ಬೀದಿಗಿಳಿದ ಮಕ್ಕಳನ್ನು ಯಾವ ವಿನ್ಯಾಸ ಸಂಸ್ಥೆಯೂ ಕರೆತರಲಿಲ್ಲ. ಅದೇ 2018ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ಎಕ್ಸ್‌ಟಿಂಕ್ಷನ್ ರೆಬೆಲಿಯನ್ ಚಳವಳಿಯವರು ಮರದ ಅಚ್ಚು ಕೊರೆದು ಬಟ್ಟೆಯ ಮೇಲೆ ಒತ್ತಿದರು. ವೃತ್ತದೊಳಗಿನ ಮರಳು ಗಡಿಯಾರದ ಅವರ ಗುರುತನ್ನು ಯಾರು ಬೇಕಾದರೂ ಗೋಡೆಯ ಮೇಲೆ ಬಿಡಿಸಬಹುದು. 1958ರಲ್ಲಿ ಜೆರಾಲ್ಡ್ ಹೋಲ್ಟಂ ರಚಿಸಿದ ಶಾಂತಿಚಿಹ್ನೆಯೂ ಹಾಗೆಯೇ: ಒಂದು ವೃತ್ತ, ಮೂರು ಗೆರೆ, ಯಾರದೂ ಹಕ್ಕುಸ್ವಾಮ್ಯವಿಲ್ಲ. ಇನ್ನು 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡಾಗ ಆ ಸುದ್ದಿಯನ್ನು ಊರೂರಿಗೆ ಒಯ್ದದ್ದು ಪಾದಯಾತ್ರೆ, ಸ್ಲೈಡ್ ಪ್ರದರ್ಶನ ಮತ್ತು ಬೀದಿನಾಟಕ. ‘ಉಳಿಸು, ಬೆಳೆಸು, ಬಳಸು’ ಎಂಬ ಮೂರು ಪದಗಳಿಗೆ ಬಣ್ಣದ ಹಂಗು ಇರಲಿಲ್ಲ.

ಆಮದು ಮಾಡಿಕೊಂಡ ಒಲವುಗಳಿಂದ ಕನ್ನಡಕ್ಕೆ ಆಗುವ ಹಾನಿ ಬೇರೆಯದೇ ಆದುದು. ಅದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂಗ್ಲಿಷಿನ ದೊಡ್ಡಕ್ಷರಗಳು ಒಂದೇ ಎತ್ತರದಲ್ಲಿ ಸಾಲಾಗಿ ನಿಲ್ಲುತ್ತವೆ. ಸಾಲುಗಳನ್ನು ಒಂದಕ್ಕೊಂದು ತಾಗುವಂತೆ ಜೋಡಿಸಿದರೂ ಅವು ಓದಲು ಸಿಗುತ್ತವೆ. ಕನ್ನಡದ ಅಕ್ಷರ ಹಾಗಲ್ಲ: ಮೇಲೆ ಗುಡಿಸು, ಕೆಳಗೆ ಒತ್ತು, ಬಲಕ್ಕೆ ಕೊಂಬು ಮತ್ತು ದೀರ್ಘ. ‘ಪಶ್ಚಿಮಘಟ್ಟ’ ಎಂಬ ಸಾಲಿನ ಕೆಳಗೆ ‘ಉಳಿಸಿ’ ಎಂಬುದನ್ನು ಒತ್ತಿ ಕೂರಿಸಿದರೆ, ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಬೀಳುತ್ತದೆ; ಎರಡೂ ಕೆಡುತ್ತವೆ. ಅಕ್ಷರಗಳ ನಡುವೆ ಅಂತರ ಬಿಡುವ ಶೈಲಿಯನ್ನು ತಂದರೆ ಕೊಂಬು ತನ್ನ ಅಕ್ಷರವನ್ನು ಬಿಟ್ಟು ಅನಾಥವಾಗಿ ನಿಲ್ಲುತ್ತದೆ. ಕೂದಲೆಳೆಯಂಥ ಅಕ್ಷರವನ್ನು ತಿಳಿಬೂದು ಬಣ್ಣದಲ್ಲಿ ಅಚ್ಚು ಹಾಕಿದರೆ ‘ದ’ ಮತ್ತು ‘ಧ’, ‘ಪ’ ಮತ್ತು ‘ಫ’ಗಳನ್ನು ಬೇರ್ಪಡಿಸುವ ಸಣ್ಣ ಸೀಳು ಮಾಯವಾಗುತ್ತದೆ. ಪರದೆಯ ಮೇಲೆ ಅಂದವಾಗಿ ಕಂಡ ಆ ಹಾಳೆಯನ್ನು ಮಳೆಗಾಲದ ಬಸ್ ನಿಲ್ದಾಣದ ಮಬ್ಬಿನಲ್ಲಿ ಓದುವವರು ಯಾರು?

ಉಪಕರಣಗಳ ಕೊರತೆಯ ನೆಪ ಈಗ ಸಲ್ಲದು. ಒಂದು ಕಾಲಕ್ಕೆ ವಿನ್ಯಾಸದ ತಂತ್ರಾಂಶಗಳಲ್ಲಿ ಯೂನಿಕೋಡ್ ಕನ್ನಡ ಒಡೆದು ಹೋಗುತ್ತಿತ್ತು, ಒತ್ತಕ್ಷರಗಳು ಪಕ್ಕಕ್ಕೆ ಸರಿಯುತ್ತಿದ್ದವು. ಜನ ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿಯೇ ದಿನ ದೂಡಿದರು. ಇಂದು ಬಲೂ ತಮ್ಮ, ಅನೇಕ್ ಕನ್ನಡ, ನೋಟೊ ಸ್ಯಾನ್ಸ್ ಕನ್ನಡದಂಥ ಅಕ್ಷರಶೈಲಿಗಳು ಮುಕ್ತ ಪರವಾನಗಿಯಲ್ಲಿ ಉಚಿತವಾಗಿ ದೊರೆಯುತ್ತವೆ. ದಪ್ಪನೆಯವು, ದುಂಡನೆಯವು, ದೂರದಿಂದ ಕಾಣುವಂಥವು. ಯುವಕರ ಉತ್ಸಾಹ ಈ ಕೆಲಸಕ್ಕೆ ತಿರುಗಿದರೆ ಅದನ್ನು ಹೊಸತನವೆಂದು ಧಾರಾಳವಾಗಿ ಕರೆಯಬಹುದು.

ಚಿತ್ರಗಳ ಸಂಗತಿ ಇನ್ನೂ ಹಾಸ್ಯಾಸ್ಪದ. ಸಿದ್ಧ ಮಾದರಿಗಳ ಸಂಗ್ರಹದಲ್ಲಿ ‘ಕಾಡು’ ಎಂದರೆ ಶೀತವಲಯದ ಸೂಜಿಮರಗಳು, ‘ವನ್ಯಜೀವಿ’ ಎಂದರೆ ಹಿಮಕರಡಿ. ಯಂತ್ರವೇ ಬರೆದುಕೊಡುವ ಚಿತ್ರಗಳಲ್ಲಿಯೂ ಇದೇ ಪಾಡು. ಅವುಗಳಲ್ಲಿ ಮೂಡುವ ಕನ್ನಡ ಅನೇಕ ಸಲ ಯಾವ ಭಾಷೆಯೂ ಅಲ್ಲದ ಗೀಚು. ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಿನ ರಾಮಪತ್ರೆ ಜಡ್ಡಿ, ಕೆಸರಿನಿಂದ ಮೊಣಕಾಲಿನಂತೆ ಮೇಲೆದ್ದ ಅದರ ಬೇರುಗಳು, ಅಘನಾಶಿನಿ ಕಣಿವೆಯ ಸಿಂಗಳೀಕ — ಇವನ್ನು ಬಿಡಿಸಬಲ್ಲ ಹುಡುಗಿಯರೂ ಹುಡುಗರೂ ಇಲ್ಲಿಯ ಪ್ರೌಢಶಾಲೆಗಳಲ್ಲಿಯೇ ಇದ್ದಾರೆ. ಕಂಡ ಮರವನ್ನು ಬಿಡಿಸಿದ ವಿದ್ಯಾರ್ಥಿಯ ವಕ್ರ ಗೆರೆಯಲ್ಲಿ ಇರುವ ಅಧಿಕಾರ, ಕಾಣದ ಮರದ ನುಣುಪು ಚಿತ್ರಕ್ಕೆ ಬರಲಾರದು.

ಫ್ಲೆಕ್ಸ್ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದು ಪಿ.ವಿ.ಸಿ. ಪ್ಲಾಸ್ಟಿಕ್, ಸುಟ್ಟರೆ ಡಯಾಕ್ಸಿನ್‌ನಂಥ ವಿಷ ಹೊರಸೂಸುತ್ತದೆ. ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲಿಯೇ ಅದನ್ನು ನಿಷೇಧಿಸಿದೆ. ‘ಪ್ಲಾಸ್ಟಿಕ್ ತ್ಯಜಿಸಿ’ ಎಂದು ಫ್ಲೆಕ್ಸ್ ಮೇಲೆ ಮುದ್ರಿಸುವವರಿಗೆ ವಿನ್ಯಾಸದ ಪಾಠಕ್ಕಿಂತ ಮೊದಲು ಬೇರೆ ಪಾಠ ಆಗಬೇಕಿದೆ.

ಇದು ಕೇವಲ ಅಭಿರುಚಿಯ ಜಗಳವಲ್ಲ. ಶರಾವತಿ ಕಣಿವೆಯ ಸಿಂಗಳೀಕ ಅಭಯಾರಣ್ಯದಲ್ಲಿ, ತಲಕಳಲೆ ಮತ್ತು ಗೇರುಸೊಪ್ಪೆ ಜಲಾಶಯಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯ ಪ್ರಸ್ತಾಪ ಬಂದಂತೆ, ಘಟ್ಟದ ಮೇಲೆ ಒಂದಲ್ಲ ಒಂದು ಯೋಜನೆ ಬರುತ್ತಲೇ ಇರುತ್ತದೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ಪ್ರಕಾರ ಸಾರ್ವಜನಿಕ ಅಹವಾಲು ಸಭೆಗೆ ಕನಿಷ್ಠ 30 ದಿನಗಳ ಮುನ್ಸೂಚನೆ ಕೊಡಬೇಕು. ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ದೊರೆಯಬೇಕು. ಲಿಖಿತ ಆಕ್ಷೇಪಣೆ ಸಲ್ಲಿಸುವ ಹಕ್ಕು ಜನರಿಗಿದೆ. ಆ ಮೂವತ್ತು ದಿನಗಳಲ್ಲಿ ಹಾಡಿಯಿಂದ ಕಾಲೇಜಿನವರೆಗೆ ತಲುಪಬೇಕಾದದ್ದು ನಾಲ್ಕೇ ಸಂಗತಿ: ಯಾವ ಯೋಜನೆ, ಯಾವ ಜಾಗ, ಯಾವ ದಿನ, ಆಕ್ಷೇಪಣೆ ಯಾರಿಗೆ. ಹೊಸ ಶೈಲಿಯ ಹಾಳೆಗಳಲ್ಲಿ ಮುಕ್ಕಾಲು ಭಾಗ ಖಾಲಿ ಜಾಗ, ನಡುವೆ ಒಂದು ಹಸಿರು ಎಲೆ. ದಿನಾಂಕ ಮಾತ್ರ ಕೆಳಗಿನ ಅಂಚಿನಲ್ಲಿ, ತಿಳಿಬೂದು ಬಣ್ಣದಲ್ಲಿ, ಕನ್ನಡಕ ಹಾಕಿದವರಿಗೂ ಕಾಣದಷ್ಟು ಚಿಕ್ಕದಾಗಿ. ಸಭೆಯ ದಿನ ಕುರ್ಚಿಗಳು ಖಾಲಿ ಉಳಿದರೆ ನಡಾವಳಿಯಲ್ಲಿ ದಾಖಲಾಗುವುದು ಜನರ ಆಕ್ಷೇಪವಲ್ಲ, ಜನರ ಮೌನ.