ಯಮನ ಎಫ್‌ಸಿ ನೋಡುವವರು ಯಾರು?

ಉಪಮೇಯ ಯಾವುದು, ಉಪಮಾನ ಯಾವುದು, ಸಮಾನ ಧರ್ಮ ಯಾವುದು, ವಾಚಕ ಪದ ಯಾವುದು? ಹೈಸ್ಕೂಲಿನಲ್ಲಿ ಈ ನಾಲ್ಕನ್ನೂ ಬಾಯಿಪಾಠ ಮಾಡದವರು ನಮ್ಮಲ್ಲಿ ಯಾರೂ ಇಲ್ಲ. ಭೀಮ ದುರ್ಯೋಧನರನ್ನು ಮದಗಜಗಳಿಗೆ ಹೋಲಿಸಿದೆವು, ಸಮನ್ವಯ ಬರೆದೆವು, ಅಂಕ ಬಂತು. ಪರೀಕ್ಷೆಯ ಜೊತೆಗೆ ಅಲಂಕಾರವೂ ಮುಗಿಯಿತು ಅಂದುಕೊಂಡೆವು.

ಮುಗಿದಿರಲಿಲ್ಲ. ಜಿಲ್ಲಾ ಪುಟಕ್ಕೆ ಸುದ್ದಿ ಕಳಿಸುವ ನಾವು ದಿನವೂ ಬರೆಯುತ್ತಿರುವುದು ಅಲಂಕಾರವನ್ನೇ. ಆಕ್ರಂದನ ಮುಗಿಲು ಮುಟ್ಟುತ್ತದೆ, ಇದು ಅತಿಶಯೋಕ್ತಿ. ಲಾರಿ ಯಮಸ್ವರೂಪಿಯಾಗುತ್ತದೆ, ಇದು ರೂಪಕ. ಉಪಮೆಯಲ್ಲಿ ಎರಡು ವಸ್ತುಗಳ ನಡುವೆ 'ಹಾಗೆ', 'ಅಂತೆ' ಎಂಬ ಅಂತರವಾದರೂ ಇರುತ್ತದೆ. ರೂಪಕದಲ್ಲಿ ಎರಡೂ ಒಂದೇ. ಲಾರಿಯೇ ಯಮ ಎಂದ ಮೇಲೆ ಅದರ ಬ್ರೇಕ್, ಎಫ್‌ಸಿ, ರಸ್ತೆಯ ಗುಂಡಿ ಇವನ್ನೆಲ್ಲ ಕೇಳುವವರು ಯಾರು?

ಒಮ್ಮೆ ಮಳೆಗೆ ಮನೆಗಳಿಗೆ ನೀರು ನುಗ್ಗಿತ್ತು. 'ವರುಣನ ಆರ್ಭಟ' ಎಂದು ಬರೆದು ಕಳಿಸಿದೆವು. ಮರುದಿನ ಆ ಓಣಿಯ ಅಮ್ಮ ಒಬ್ಬರು ಪತ್ರಿಕೆ ಹಿಡಿದು ಕೇಳಿದರು: 'ಮಳೆ ಪ್ರತಿ ವರ್ಷ ಬರ್ತದೆ ಸರ್. ಚರಂಡಿ ಹೂಳು ತೆಗೆಯೋರು ಬರ್ಲಿಲ್ಲ. ಅದನ್ನ ಯಾಕೆ ಬರೀಲಿಲ್ಲ?' ನಮ್ಮ ಬಳಿ ಉತ್ತರ ಇರಲಿಲ್ಲ. ತಪ್ಪನ್ನು ವರುಣನ ಮೇಲೆ ಹೊರಿಸಿದರೆ ಯಾವ ಅಧಿಕಾರಿಯೂ ಫೋನ್ ಮಾಡಿ ಬೈಯುವುದಿಲ್ಲ.

ಹಾಗೆಂದು ಅಲಂಕಾರವೇ ಬೇಡ ಎನ್ನುತ್ತಿಲ್ಲ. ಕೆರೆಯಂಗಳ ಕಾದ ಹೆಂಚಿನ ಹಾಗಿದೆ ಎಂದು ರೈತರೊಬ್ಬರು ಹೇಳಿದರೆ ಕೆರೆ ಕಣ್ಣಿಗೆ ಕಾಣುತ್ತದೆ. ತೋರಿಸುವ ಮಾತು ಬೇರೆ, ಮುಚ್ಚಿಡುವ ಮಾತು ಬೇರೆ. ಇದು ಹೊಸ ವಿಚಾರವೂ ಅಲ್ಲ. ನಮಗೆ ಸಿಕ್ಕಿರುವ ಕನ್ನಡದ ಮೊದಲ ಗ್ರಂಥ, 9ನೇ ಶತಮಾನದ 'ಕವಿರಾಜಮಾರ್ಗ', ಅಲಂಕಾರ ಶಾಸ್ತ್ರದ್ದೇ. ಅದರ ಮೂರು ಪರಿಚ್ಛೇದಗಳಲ್ಲಿ ಮೊದಲನೆಯದು ಮಾತಿನ ದೋಷಗಳ ವಿಚಾರ. ಶಬ್ದಾಲಂಕಾರ, ಅರ್ಥಾಲಂಕಾರ ಬರುವುದು ಆಮೇಲೆ.

ಕನ್ನಡ ಮೇಷ್ಟ್ರುಗಳಲ್ಲಿ, ಟೀಚರುಗಳಲ್ಲಿ ನಮ್ಮದೊಂದು ಮನವಿ. ಮದಗಜಗಳ ಪಾಠ ಆದ ಮೇಲೆ ಅವತ್ತಿನ ಪತ್ರಿಕೆಯನ್ನು ತರಗತಿಗೆ ತನ್ನಿ. ಒಂದು ತಲೆಬರಹ ಓದಿಸಿ, ಇದು ಯಾವ ಅಲಂಕಾರ ಎಂದು ಕೇಳಿ. ಜೊತೆಗೆ, ಇದರ ಹಿಂದೆ ಯಾರು ಅಡಗಿದ್ದಾರೆ ಎಂದೂ ಕೇಳಿ. ಆ ತಲೆಬರಹ ನಾವು ಬರೆದದ್ದಾಗಿದ್ದರೂ ಪರವಾಗಿಲ್ಲ.