ಗಂಟು ಬಿಚ್ಚದ ಕಡತಗಳು

ಕಡತವೆಂದರೆ ಇಂದು ಕಚೇರಿಯ ಫೈಲು. ಹಿಂದೆ ಅದು ಬಟ್ಟೆಯ ಪುಸ್ತಕವಾಗಿತ್ತು. ಹುಣಿಸೆಬೀಜದ ಸರಿಗೆ ಇದ್ದಿಲ ಪುಡಿಯನ್ನು ಕಲಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಿಚಿ, ಅದರ ಮೇಲೆ ಬಳಪದಿಂದ ಲೆಕ್ಕಪತ್ರಗಳನ್ನು ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಕಾಗದ ಬಂದಿತು. ಹೆಸರು ಮಾತ್ರ ಉಳಿಯಿತು. ಬಟ್ಟೆಯೂ ಪೂರ್ತಿಯಾಗಿ ಹೋಗಲಿಲ್ಲವೆನ್ನಿ! ಕಾಗದಗಳನ್ನು ಕಟ್ಟಿಡುವ ವಸ್ತ್ರವಾಗಿ ಅದು ದಫ್ತರಖಾನೆಗಳ ಕಪಾಟುಗಳನ್ನು ಸೇರಿತು.

ಇಂತಹ ಗಂಟುಗಳ ಮುಂದೆ ಕ್ಯಾಮರಾ ಹಿಡಿದು ನಿಂತವರು ದಯಾನಿತಾ ಸಿಂಗ್. 1961ರಲ್ಲಿ ದೆಹಲಿಯಲ್ಲಿ ಜನಿಸಿ, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ವ್ಯಾಸಂಗ ಮಾಡಿದ ಈ ಕಲಾವಿದೆ, ಭಾರತದ ದಾಖಲೆ ಕೋಣೆಗಳಲ್ಲಿ ತೆಗೆದ ಕಪ್ಪು-ಬಿಳುಪು ಚಿತ್ರಗಳನ್ನು 2013ರಲ್ಲಿ ‘ಫೈಲ್ ರೂಮ್’ ಎಂಬ ಗ್ರಂಥವಾಗಿ ಹೊರತಂದರು. 2022ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿ ಸಂದಿತು.

ಹಳೆಯ ಬರಹಗಳ ಛಾಯಾಚಿತ್ರ ತೆಗೆಯುವುದೇನೂ ಹೊಸತಲ್ಲ. 1950ರಲ್ಲಿಯೇ ಅಮೆರಿಕದ ಕಾಂಗ್ರೆಸ್ ಗ್ರಂಥಾಲಯದ ತಂಡವೊಂದು ಸಿನಾಯ್ ಪರ್ವತದ ಸಂತ ಕ್ಯಾಥರೀನ್ ಮಠಕ್ಕೆ ತೆರಳಿ, ಅಲ್ಲಿನ ಹಸ್ತಪ್ರತಿಗಳನ್ನು ಮೈಕ್ರೋಫಿಲ್ಮಿಗೆ ಇಳಿಸಿಕೊಂಡಿತ್ತು. ಅಂತಹ ಕೆಲಸದಲ್ಲಿ ಪ್ರತಿ ಅಕ್ಷರವೂ ಸ್ಪಷ್ಟವಾಗಿ ಮೂಡಬೇಕು. ಪುಟದ ಮೇಲೆ ನೆರಳು ಬಿದ್ದರೆ ಅದು ದೋಷ. ದಯಾನಿತಾ ಅವರ ಚಿತ್ರಗಳಲ್ಲಿಯಾದರೋ ನೆರಳಿಗೇ ಪ್ರಾಶಸ್ತ್ಯ. ಸೂರು ಮುಟ್ಟುವ ಕಪಾಟುಗಳು, ಸಡಿಲವಾದ ಗಂಟುಗಳು, ಅಂಚು ಮುರಿದ ಹಾಳೆಗಳು, ಅವುಗಳ ನಡುವೆ ಕುಳಿತ ಪಾಲಕರು. ಒಳಗೇನು ಬರೆದಿದೆಯೆಂದು ನೋಡುಗನಿಗೆ ತಿಳಿಯುವುದೇ ಇಲ್ಲ.

ಇಲ್ಲಿಯೇ ಒಂದು ತಕರಾರು ಏಳುತ್ತದೆ. ಆ ಗಂಟಿನೊಳಗೆ ಯಾರದೋ ಹೊಲದ ಗಡಿ ಇರಬಹುದು, ಯಾವಳೋ ವಿಧವೆಯ ಪಿಂಚಣಿಯ ಅರ್ಜಿ ಇರಬಹುದು. ಐದು ಸಲ ಅಲೆದು ಬರಿಗೈಯಲ್ಲಿ ಹಿಂದಿರುಗಿದವನಿಗೆ ಆ ಧೂಳಿನಲ್ಲಿ ಯಾವ ಸೌಂದರ್ಯ ಕಂಡೀತು? ಅಲಕ್ಷ್ಯವನ್ನು ಅಂದಗೊಳಿಸಿ ಗೋಡೆಗೆ ತೂಗುಹಾಕುವುದು ಉಚಿತವೇ? ಪ್ರಶ್ನೆ ನ್ಯಾಯವಾದದ್ದೇ, ಚಿತ್ರ ಚೆನ್ನಾಗಿದೆಯೆಂಬ ಮಾತ್ರಕ್ಕೆ ಅದು ಕರಗುವುದಿಲ್ಲ.

ಆದರೆ ಯಂತ್ರವು ಪ್ರತಿಮಾಡಲಾರದ ಒಂದು ಸಂಗತಿಯನ್ನು ಈ ಚಿತ್ರಗಳು ಹಿಡಿದಿವೆ. ಯಾವ ಗಂಟು ಯಾವ ಮೂಲೆಯಲ್ಲಿದೆ ಎಂಬ ತಿಳಿವಳಿಕೆ ಎಷ್ಟೋ ಕಡೆ ಪುಸ್ತಕದಲ್ಲಿಲ್ಲ, ಪಾಲಕನ ತಲೆಯಲ್ಲಿದೆ. ಆತ ನಿವೃತ್ತನಾದ ದಿನ ಹಾಳೆಗಳೆಲ್ಲ ಇದ್ದಲ್ಲಿಯೇ ಇದ್ದರೂ ದಾಖಲೆ ಕಳೆದುಹೋದಂತೆಯೇ ಸರಿ. ಹೊರಗಿನವರ ಕಣ್ಣಿಗೆ ಅಸ್ತವ್ಯಸ್ತವಾಗಿ ತೋರುವ ರಾಶಿಯ ಮಧ್ಯೆ ಆತ ರಾಜಗಾಂಭೀರ್ಯದಿಂದ ಕುಳಿತಿರುವುದು ಸುಮ್ಮನೆ ಅಲ್ಲ.

ಪ್ರದರ್ಶನದಲ್ಲಿಯೂ ದಯಾನಿತಾ ಇದೇ ಜಾಡು ಹಿಡಿದಿದ್ದಾರೆ. ಚಿತ್ರಗಳನ್ನು ಗೋಡೆಗೆ ಮೊಳೆ ಹೊಡೆದು ನಿಲ್ಲಿಸದೆ, ತೆರೆದು ಮುಚ್ಚಬಹುದಾದ ಮರದ ಚೌಕಟ್ಟುಗಳಲ್ಲಿ ಜೋಡಿಸುತ್ತಾರೆ. ಕೆಲವು ಹೊರಗೆ ಕಾಣುತ್ತವೆ. ಉಳಿದವು ಒಳಗೇ ತಮ್ಮ ಸರದಿಗಾಗಿ ಕಾಯುತ್ತವೆ.