ಕಾಯುವವರಿಗೆ ಕಪ್

2019ರಲ್ಲಿ ಬೆಂಗಳೂರು ಎಫ್‌ಸಿ ಫುಟ್‌ಬಾಲ್ ತಂಡ ಇಂಡಿಯನ್ ಸೂಪರ್ ಲೀಗ್ ಗೆದ್ದಾಗ ಅದರ ತರಬೇತುದಾರ ಸ್ಪೇನಿನ ಕಾರ್ಲೆಸ್ ಕ್ವಾಡ್ರಾಟ್. 2021ರ ಜನವರಿಯಲ್ಲಿ, ಸತತ ಮೂರು ಸೋಲಿನ ಬೆನ್ನಲ್ಲೇ ಅವರು ಹುದ್ದೆ ಬಿಡಬೇಕಾಯಿತು. ಇಂಗ್ಲೆಂಡಿನ ಲೆಸ್ಟರ್ ಸಿಟಿಯಂತೂ 2016ರಲ್ಲಿ ಲೀಗ್ ಗೆದ್ದುಕೊಟ್ಟ ರಾನಿಯೇರಿಯವರನ್ನು ಹತ್ತು ತಿಂಗಳೊಳಗೇ ಮನೆಗೆ ಕಳುಹಿಸಿತು!

ಇನ್ನೊಂದು ಕಥೆಯೂ ಇದೆ. 1986ರಲ್ಲಿ ಮ್ಯಾಂಚೆಸ್ಟರ್ ಯುನೈಟೆಡ್ ಸೇರಿದ ಅಲೆಕ್ಸ್ ಫರ್ಗ್ಯೂಸನ್‌ರಿಗೆ ಅಲ್ಲಿ ಮೊದಲ ಕಪ್ ಸಿಕ್ಕಿದ್ದು 1990ರಲ್ಲಿ. ಆಡಳಿತ ಮಂಡಳಿ ಕಾದಿತು. 2013ರಲ್ಲಿ ಅವರು ನಿವೃತ್ತರಾಗುವ ಹೊತ್ತಿಗೆ ತಂಡಕ್ಕೆ 13 ಲೀಗ್ ಪ್ರಶಸ್ತಿಗಳು ಬಂದಿದ್ದವು.

ಒಂದೇ ಪರೀಕ್ಷೆಯ ಅಂಕ ನೋಡಿ ಮಕ್ಕಳ ಬಗ್ಗೆ ತೀರ್ಪು ಕೊಡುವ ಹೆತ್ತವರೇ, ಸ್ವಲ್ಪ ಯೋಚಿಸಿ. ಅಡಿಕೆ ಸಸಿ ನೆಟ್ಟು ಫಸಲಿಗೆ ಐದಾರು ವರ್ಷ ಕಾಯುವ ಸವಣೂರಿನವರಿಗೆ ತಾಳ್ಮೆಯ ಪಾಠವನ್ನು ಬೇರೆಯವರು ಹೇಳಿಕೊಡಬೇಕೆ?